59 ಗೆಲುವೋ, 60 ಗೆಲುವೋ?

ಪ್ರಶ್ನೆ: ಬೇಸ್‌ಬಾಲ್ ಪಿಚರ್ (ಬ್ಯಾಟುಗಾರನಿಗೆ ಚೆಂಡು ಎಸೆಯುವ ಆಟಗಾರ) ಚಾರ್ಲ್ಸ್ ‘ಓಲ್ಡ್ ಹಾಸ್’ ರಾಡ್‌ಬರ್ನ್ 1884ರಲ್ಲಿ 59 ಪಂದ್ಯ ಗೆದ್ದನೆಂದು ಒಂದು ಕಡೆ, 60 ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ? ಈಗ 20 ಗೆಲುವೇ ದೊಡ್ಡದು. ಆಗ ಅಷ್ಟೊಂದು ಹೇಗೆ ಸಾಧ್ಯವಾಯಿತು?

ಉತ್ತರ: ಬೇಸ್‌ಬಾಲ್‌ನಲ್ಲಿ ತಂಡದ ಪ್ರತಿ ಗೆಲುವನ್ನೂ ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ಈ ವ್ಯತ್ಯಾಸ ಜುಲೈ 28ರ ಒಂದೇ ಪಂದ್ಯದ್ದು. ಅಂದು ರಾಡ್‌ಬರ್ನ್‌ನ ತಂಡ ಪ್ರಾವಿಡೆನ್ಸ್ ಗ್ರೇಸ್ ಪರ ಮೊದಲ ಐದು ಇನಿಂಗ್ಸ್ ಎಸೆದವನು ಸೈಕ್ಲೋನ್ ಮಿಲ್ಲರ್. ತಂಡ ಮುಂದಿರುವಾಗಲೇ ರಾಡ್‌ಬರ್ನ್ ಬಂದು ಉಳಿದ ನಾಲ್ಕನ್ನು ಮುಗಿಸಿದ. ಈಗಿನ ನಿಯಮ ಹಿಡಿದರೆ ಆ ಗೆಲುವು ಮಿಲ್ಲರ್‌ನದು, ಒಟ್ಟು 59. ಆಗಿನ ರೂಢಿಯಂತೆ ರಾಡ್‌ಬರ್ನ್ ಹೆಸರಿಗೆ ಬರೆದರೆ 60.

ನಮಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ ಅಂಕಿ: ಆತ ಆರಂಭಿಸಿದ 73 ಪಂದ್ಯಗಳನ್ನೂ ತಾನೇ ಮುಗಿಸಿದ, ಎಸೆದದ್ದು 678 ಇನಿಂಗ್ಸ್‌ಗೂ ಹೆಚ್ಚು, ಸ್ಟ್ರೈಕ್‌ಔಟ್ (ಚೆಂಡನ್ನು ಹೊಡೆಯಲು ಬಿಡದೆ ಬ್ಯಾಟುಗಾರನನ್ನು ಔಟ್ ಮಾಡುವುದು) 441.

ಸಾಧ್ಯವಾದದ್ದಕ್ಕೆ ಮೊದಲ ಕಾರಣ ಅಂತರ. ಆಗ ಪಿಚರ್ ನಿಲ್ಲುತ್ತಿದ್ದ ಚೌಕದ ಮುಂದಿನ ಗೆರೆ ಬ್ಯಾಟುಗಾರನಿಂದ 50 ಅಡಿ. 60 ಅಡಿ 6 ಇಂಚು ಆದದ್ದು 1893ರಲ್ಲಿ. ಗಾಯವಾಗದ ಹೊರತು ಹೊರಗಿನಿಂದ ಬದಲಿ ಆಟಗಾರನನ್ನು ಇಳಿಸುವಂತಿರಲಿಲ್ಲ, ಹಾಗಾಗಿ ತಂಡಗಳು ಇಬ್ಬರು ಪಿಚರ್‌ಗಳಲ್ಲೇ ಋತು ಮುಗಿಸುತ್ತಿದ್ದವು. ಪ್ರಾವಿಡೆನ್ಸ್‌ನ ಇನ್ನೊಬ್ಬ, ಚಾರ್ಲಿ ಸ್ವೀನಿ, ಜುಲೈನಲ್ಲಿ ತಂಡ ಬಿಟ್ಟ. ರಾಡ್‌ಬರ್ನ್ ಆಗ ಅಮಾನತಿನಲ್ಲಿದ್ದ. ಉಳಿದ ಪಂದ್ಯಗಳ ಭಾರ ತಾನೇ ಹೊರುತ್ತೇನೆ, ಆದರೆ ಋತು ಮುಗಿದ ಮೇಲೆ ‘ರಿಸರ್ವ್’ ಕಟ್ಟಿನಿಂದ ನನ್ನನ್ನು ಬಿಡಬೇಕು ಎಂಬ ಷರತ್ತಿನ ಮೇಲೆ ಮರಳಿದ. ಒಪ್ಪಂದ ಮುಗಿದರೂ ಆಟಗಾರ ಬೇರೆ ಕ್ಲಬ್ ಸೇರದಂತೆ ತಡೆಯುತ್ತಿದ್ದ ಕಟ್ಟು ಅದು. ಅದರಿಂದ ಬಿಡುಗಡೆಯೆಂದರೆ ತನ್ನ ಬೆಲೆ ತಾನೇ ಹೇಳುವ ಹಕ್ಕು.

ಬೆಲೆ ತೆತ್ತದ್ದು ತೋಳು. ಬೆಳಿಗ್ಗೆ ತಲೆ ಬಾಚಲೂ ಕೈ ಎತ್ತಲಾಗುತ್ತಿರಲಿಲ್ಲ ಎಂದು ತಂಡದ ಮ್ಯಾನೇಜರ್ ಫ್ರ್ಯಾಂಕ್ ಬ್ಯಾಂಕ್ರಾಫ್ಟ್ ಮುಂದೆ ನೆನೆದಿದ್ದಾರೆ. ಪಂದ್ಯಕ್ಕೆ ಮೊದಲು ಕೆಲವೇ ಅಡಿ ದೂರದಿಂದ ಮೆಲ್ಲಗೆ ಎಸೆಯಲು ಶುರುಮಾಡಿ, ತೋಳು ಸಡಿಲವಾದಂತೆ ಹಿಂದೆ ಹಿಂದೆ ಸರಿಯುತ್ತಿದ್ದನಂತೆ. ಪ್ರಾವಿಡೆನ್ಸ್ ಲೀಗ್ ಗೆದ್ದಿತು. ಆಮೇಲೆ ಇನ್ನೊಂದು ಲೀಗಿನ ಚಾಂಪಿಯನ್ ನ್ಯೂಯಾರ್ಕ್ ಮೆಟ್ರೊಪಾಲಿಟನ್ಸ್ ವಿರುದ್ಧದ ಮೂರೂ ಪಂದ್ಯಗಳನ್ನು ರಾಡ್‌ಬರ್ನ್‌ನೇ ಎಸೆದು ಗೆದ್ದ. ಬಿಡುಗಡೆಯ ಹಕ್ಕು ಕೈಯಲ್ಲಿದ್ದರೂ 1885ಕ್ಕೆ ಪ್ರಾವಿಡೆನ್ಸ್‌ನಲ್ಲೇ ಉಳಿದ. ಆ ವರ್ಷ ಗೆಲುವು 28ಕ್ಕೆ ಇಳಿಯಿತು.