ಹಳೆಯ ಮ್ಯಾಸಿ 35ರ ವಾಟರ್ ಪಂಪ್ ಪುಲ್ಲಿ ಒಡೆಯದಂತೆ ಬಿಚ್ಚಿ, ಮತ್ತೆ ಕೂರಿಸುವುದು ಹೇಗೆ?

ಸುತ್ತಿಗೆ ಮಾತ್ರ ಬೇಡ ಸರ್, ದಯವಿಟ್ಟು. ತಂದೆಯವರ ಕಾಲದ ಮ್ಯಾಸಿ ಫರ್ಗ್ಯೂಸನ್ 35 ಟ್ರ್ಯಾಕ್ಟರು, ವಾಟರ್ ಪಂಪ್ ಸೋರುತ್ತಿದೆ, ಪುಲ್ಲಿಗೆ ನಟ್ಟೂ ಇಲ್ಲ ಬೋಲ್ಟೂ ಇಲ್ಲ, ಹೊಡೆದು ಬಿಚ್ಚಬಹುದೇ ಅಂತ ಕೇಳಿದ್ದೀರಿ. ಕೆಲವು ಪಂಪುಗಳಲ್ಲಿ ಶಾಫ್ಟಿನ ತುದಿಗೆ ನಟ್ಟು ಇರುತ್ತದೆ. ನಿಮ್ಮದರಲ್ಲಿ ಇಲ್ಲವೆಂದರೆ ಅದು ಪ್ರೆಸ್ ಫಿಟ್. ಪುಲ್ಲಿಯ ತೂತು ಶಾಫ್ಟಿಗಿಂತ ಒಂದಿಷ್ಟೇ ಚಿಕ್ಕದಾಗಿರುತ್ತದೆ, ಆ ಬಿಗಿಯೇ ಅದನ್ನು ಹಿಡಿದುಕೊಂಡಿರುತ್ತದೆ. ಹಳೆಯ ಪುಲ್ಲಿಗಳು ಹೆಚ್ಚಾಗಿ ಬೀಡಿನವು, ಅಂದರೆ ಎರಕದ ಕಬ್ಬಿಣದವು. ಬೀಡು ಬಾಗುವುದಿಲ್ಲ, ಅಂಚಿಗೆ ಒಂದೇಟು ಬಿದ್ದರೆ ಚಕ್ಕೆ ಏಳುತ್ತದೆ. ಮ್ಯಾಸಿ 35ರಲ್ಲಿ ಬಂದ ಮೂರು ಸಿಲಿಂಡರಿನ ಪರ್ಕಿನ್ಸ್ 3.152 ವಂಶದ ಎಂಜಿನ್ನುಗಳನ್ನು ಚೆನ್ನೈನ ಸಿಂಪ್ಸನ್‌ನವರೂ ತಯಾರಿಸಿದ್ದರಿಂದ ಬೇರಿಂಗ್, ಸೀಲ್ ಹುಡುಕಿದರೆ ಸಿಗುತ್ತವೆ. ಹಳೆಯ ಪುಲ್ಲಿ ಒಡೆದರೆ ಅಂಥದ್ದೇ ಸಿಗುವುದು ಕಷ್ಟ.

ನೀರು ಇಳಿಸಿ, ಬೆಲ್ಟು, ಫ್ಯಾನು ತೆಗೆದು ಪಂಪನ್ನು ಹೊರಗೆ ತನ್ನಿ. ಬಿಚ್ಚುವ ಮೊದಲು ವರ್ನಿಯರ್‌ನಲ್ಲಿ ಪುಲ್ಲಿಯ ಮುಖದಿಂದ ಪಂಪಿನ ಮೈಗೆ ಎಷ್ಟು ದೂರ ಅಂತ ಅಳೆದು ಗೋಡೆಯ ಮೇಲಾದರೂ ಬರೆದಿಡಿ. ಮತ್ತೆ ಕೂರಿಸುವಾಗ ಪುಲ್ಲಿ ಎಲ್ಲಿ ನಿಲ್ಲಬೇಕೆಂದು ಹೇಳಲು ಅದೊಂದೇ ಗುರುತು.

ಪುಲ್ಲರಿನ (ಪುಲ್ಲಿಯನ್ನು ಎಳೆದು ತೆಗೆಯುವ ಸಾಧನ) ಕಾಲುಗಳನ್ನು ಪುಲ್ಲಿಯ ಹೊರ ಅಂಚಿಗೆ ಸಿಕ್ಕಿಸಬೇಡಿ. ಫ್ಯಾನಿನ ಬೋಲ್ಟ್ ತೂತುಗಳಿಗೆ ಒಂದು ದಪ್ಪ ತಗಡಿನ ಪಟ್ಟಿ ಬಿಗಿದು, ಅದರ ನಡುವಿನ ಸ್ಕ್ರೂ ಶಾಫ್ಟಿನ ತುದಿಯನ್ನು ಒತ್ತುವಂತೆ ಮಾಡಿ. ಹಿಂದಿನ ರಾತ್ರಿಯೇ ತುಕ್ಕಿಗೆ ಎಣ್ಣೆ ಬಿಟ್ಟಿರಿ. ಬಿಗಿ ಮಾಡಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಡಿ, ಮತ್ತೆ ಕಾಲು ಸುತ್ತು ತಿರುಗಿಸಿ. ಆದರೂ ಜಗ್ಗದಿದ್ದರೆ ಪುಲ್ಲಿಯ ನಡುಭಾಗವನ್ನು ಬ್ಲೋ ಲ್ಯಾಂಪಿನಲ್ಲಿ ಸುತ್ತಲೂ ಸಮನಾಗಿ ಕಾಯಿಸಿ. ನೀರು ಚಿಮುಕಿಸಿದರೆ ಚುಂಯ್ ಅನ್ನುವಷ್ಟು ಸಾಕು, ಕೆಂಪಗೆ ಕಾಯಿಸಬೇಡಿ. 16 ಮಿ.ಮೀ. ತೂತಿನ ಬೀಡು 150 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ತೂತು ಅಗಲವಾಗುವುದು ಸುಮಾರು 0.026 ಮಿ.ಮೀ. ಮಾತ್ರ. ಆದರೆ ಇಲ್ಲಿನ ಬಿಗಿಯೂ ಹೆಚ್ಚುಕಡಿಮೆ ಆ ಲೆಕ್ಕದ್ದೇ. ಶಾಫ್ಟೂ ಕಾದುಬಿಟ್ಟರೆ ಲಾಭವಿಲ್ಲ, ಆದ್ದರಿಂದ ಬೇಗ ಕಾಯಿಸಿ ಬೇಗ ಎಳೆಯಿರಿ. ಸೀಲು, ಬೇರಿಂಗು ಹೇಗೂ ಹೊಸದು ಹಾಕುವುದರಿಂದ ಅವು ಸುಡುವ ಚಿಂತೆ ಬೇಡ.

ನನ್ನ ಪ್ರಕಾರ ಹೆಚ್ಚು ಪಂಪುಗಳು ಹಾಳಾಗುವುದು ಬಿಚ್ಚುವಾಗಲ್ಲ, ಕೂರಿಸುವಾಗ. ನಾನು ಮೊದಲ ಸಲ ಪಂಪಿನ ಮೈಯನ್ನು ವೈಸಿಗೆ ಕಚ್ಚಿಸಿ ಪುಲ್ಲಿ ಒತ್ತಿದೆ. ಒತ್ತಡವೆಲ್ಲ ಬೇರಿಂಗಿನ ಗುಂಡುಗಳ ಮೇಲೆ ಬಿತ್ತು. ಒಂದು ತಿಂಗಳೊಳಗೆ ಹೊಸ ಬೇರಿಂಗು ಗರಗರ ಅನ್ನತೊಡಗಿತು, ಅದರ ಹಿಂದೆಯೇ ಸೀಲೂ ಸೋರಿತು. ಇಡೀ ಕೆಲಸ ಮತ್ತೆ ಮಾಡಬೇಕಾಯಿತು. ಪ್ರೆಸ್ಸಿನಲ್ಲಿ ಪಂಪನ್ನು ಇಡುವಾಗ ಕೆಳಗಿನ ಆಸರೆ ಶಾಫ್ಟಿನ ಹಿಂತುದಿಗೇ ಸಿಗಬೇಕು. ಪಂಪಿನ ಮೈಗೂ ಬೇಡ, ನೀರು ತಳ್ಳುವ ರೆಕ್ಕೆಚಕ್ರವಾದ ಇಂಪೆಲ್ಲರಿಗೂ ಬೇಡ. ಶಾಫ್ಟಿಗಿಂತ ಸಣ್ಣ ಸಲಾಕೆಯೊಂದನ್ನು ಅಡಿಗೆ ಕೊಡಿ. ಶಾಫ್ಟನ್ನು ಸಣ್ಣ ಎಮರಿ ಕಾಗದದಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ, ಪುಲ್ಲಿಯನ್ನು ಕಾಯಿಸಿ ನೆಟ್ಟಗೆ ಇಳಿಸಿ, ಬರೆದಿಟ್ಟ ಅಳತೆ ಬಂದ ತಕ್ಷಣ ನಿಲ್ಲಿಸಿ.

ಪುಲ್ಲಿ ಕಾಯಿಸದೆಯೇ ಕೈಯಲ್ಲೇ ಜಾರಿ ಕೂತರೆ ತೂತು ಸವೆದಿದೆ ಎಂದರ್ಥ. ಶಾಫ್ಟಿಗೆ ಪಂಚ್ ಹೊಡೆದು ಚುಕ್ಕೆ ಎಬ್ಬಿಸಿ ಬಿಗಿ ಮಾಡುವುದನ್ನು ಬಹಳ ಕಡೆ ನೋಡಿದ್ದೇನೆ. ಅದರಿಂದ ಪುಲ್ಲಿ ಓರೆಯಾಗಿ ತಿರುಗುತ್ತದೆ, ಬೆಲ್ಟು ತಿನ್ನುತ್ತದೆ. ಲೇತಿನವರ ಹತ್ತಿರ ತೂತು ದೊಡ್ಡದು ಮಾಡಿಸಿ ಬುಷ್ (ತೂತಿನೊಳಗೆ ಕೂರುವ ಲೋಹದ ಕೊಳವೆ) ಹಾಕಿಸಿ.

ಇನ್ನೊಂದು ಮಾತು, ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ನೀರು ತೊಟ್ಟಿಕ್ಕುತ್ತದೆಂದು ಎಂಸೀಲ್ ತುಂಬಬೇಡಿ. ಸೀಲು ಹೋದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲೆಂದೇ ಅದನ್ನು ಕೊರೆದಿರುವುದು.