ಕೋಳಿ ಗೂಡು ಕಟ್ಟೂಕಿಂತ ಮೊದ್ಲ ನೆಲಾ ನೋಡ್ರಿ

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ಮನಿ ಹಿತ್ತಲದಾಗ 20 ಫೂಟ್ ಉದ್ದ 12 ಫೂಟ್ ಅಗಲ ಜಾಗಾ ಖಾಲಿ ಬಿದ್ದೈತಿ, ಪೂರಾ ಎರಿ ಮಣ್ಣು. ಮನಿಗೆ ತತ್ತಿ ಆಗ್ತಾವ ಅಂತ ಎಂಟು ಜವಾರಿ ಹ್ಯಾಟಿ ಸಾಕೂ ವಿಚಾರ ಐತಿ. ನಮ್ಮ ಅಜ್ಜಿ ರಾತ್ರಿ ಬುಟ್ಟಿ ಡಬ್ಬ ಹಾಕಿ ಮ್ಯಾಲ ಕಲ್ಲು ಇಡತಿದ್ಲು, ನನಗ ಗೊತ್ತಿರೂದು ಅಷ್ಟ. ಈಗ ವೆಲ್ಡಿಂಗ್‌ನವ್ರು ರೆಡಿಮೇಡ್ ಪಂಜರಾ ತೋರಸಾಕತ್ತಾರ, ಚಂದ ಕಾಣಸ್ತಾವ. ಅದನ್ನ ತಗೊಳ್ಳಲೋ, ಕಟ್ಟಿಸಲೋ? ಎಷ್ಟು ದೊಡ್ಡದು ಬೇಕು?
– ಓದುಗ ತಂಗಿ, ಬೆಟಗೇರಿ

ಉತ್ತರ: ತಂಗಿ, ಪಂಜರದ ಮಾತು ಆಮ್ಯಾಲೆ, ಮೊದ್ಲ ಆ ಎರಿ ಮಣ್ಣಿನ ಮಾತು. ನಾವೆಲ್ಲಾ ಬೆಕ್ಕು, ಮುಂಗಲಿ ಅಂತ ಹೆದರ್ತೀವಿ, ಆದ್ರ ನಮ್ಮ ಹಿತ್ತಲದಾಗ ನಾನು ಮೊದ್ಲ ಕಳಕೊಂಡ ಕೋಳಿ ಹೋಗಿದ್ದು ಹಸಿ ನೆಲದಿಂದ. ನೆಲಕ್ಕ ಸಮಾ ಗೂಡು ಕಟ್ಟಿಸಿದ್ದೆ, ಧಾರವಾಡದ ಜಿಟಿಜಿಟಿ ಮಳಿ ವಾರಗಟ್ಲೆ ಹಿಡೀತು, ಪಾಪ ಥಂಡಿ ಆಗಬಾರ್ದು ಅಂತ ಸುತ್ತಲೂ ತಾಡಪತ್ರಿ ಬಿಗದು ಕಟ್ಟಿದೆ. ಮೂರನೇ ದಿನ ಮುಂಜಾನೆ ಬಾಗಲಾ ತಗದ್ರ ಘಾಟು ಮೂಗಿಗೆ ಬಡದು ನನ್ನ ಕಣ್ಣಾಗ ನೀರು ಬಂತು, ಒಳಗ ಎರಡು ಹ್ಯಾಟಿ ಕಣ್ಣು ಬಾತು ರೆಪ್ಪಿ ಅಂಟಿಕೊಂಡು ಕುಂತಿದ್ದವು. ಹಿಕ್ಕಿ ಹಸಿ ಆದ್ರ ಅಮೋನಿಯಾ ಏಳತೈತಿ, ಗಾಳಿ ಆಡದಿದ್ರ ಅದು ಅಲ್ಲೇ ನಿಂತು ಕೋಳಿ ಕಣ್ಣು, ಶ್ವಾಸ ಎರಡೂ ಕೆಡಸ್ತೈತಿ. ಒಂದು ಉಳೀತು, ಒಂದು ಹೋತು. ಅದಕ್ಕ ಹೇಳಾಕತ್ತೇನಿ, ಕೋಳಿಗೆ ಬೇಕಾಗಿದ್ದು ಕಾಲಕೆಳಗ ಒಣಾ ನೆಲ, ತಲಿ ಮ್ಯಾಲ ಆಡೂ ಗಾಳಿ. ಉಳದದ್ದೆಲ್ಲಾ ಇದರ ನಂತರ.

ಎರಿ ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಕೈ ತೂರುವಷ್ಟು ಬಿರಕು ಬಿಡತೈತಿ, ಅದರ ಮ್ಯಾಲ ನೇರ ಕಂಬಾ ನಟ್ರ ವರ್ಷದಾಗ ವಾಲಿ ಬಾಗಲಾ ಕೂಡೂದಿಲ್ಲ. ಗೂಡಿನ ಜಾಗಾದಾಗ ಒಂದು ಫೂಟ್ ಎರಿ ತಗಸಿ ಗರಸು ತುಂಬಿಸಿ, ನೀರು ಹೊಡದು ಧಮ್ಮಸ್ಸು ಮಾಡಿಸ್ರಿ, ನೆಲಕ್ಕಿಂತ ಒಂದೂವರಿ ಫೂಟ್ ಎತ್ತರ ಬರ್ಲಿ, ಮ್ಯಾಲ ಫರಶಿ ಹಾಸಿದ್ರ ಮುಗೀತು, ತೊಳಿಯಾಕೂ ಛಲೋ. ರೊಕ್ಕ ಕಡಿಮಿ ಇದ್ರ ಬಣ್ಣಾ ಬಿಡ್ರಿ, ಡಿಜೈನ್ ಬಿಡ್ರಿ, ಗರಸು ಮಾತ್ರ ಬಿಡಬ್ಯಾಡ್ರಿ.

ಅಳತಿ ಹೇಳ್ತೇನಿ. ಒಳಗ ಒಂದು ಕೋಳಿಗೆ 4 ಚದರ ಫೂಟ್, ಹೊರಗ ಅಡ್ಡಾಡಾಕ 10 ಚದರ ಫೂಟ್ ಹಿಡೀರಿ. ಎಂಟಕ್ಕ ಗೂಡು 8 ಫೂಟ್ ಉದ್ದ 4 ಫೂಟ್ ಅಗಲ, ಅದಕ್ಕ ಹತ್ತಿದಂಗ ಅಂಗಳಾ 10 ಫೂಟ್ ಉದ್ದ 8 ಫೂಟ್ ಅಗಲ. ನಿಮ್ಮ ಜಾಗಾದಾಗ ಆರಾಮ ಕೂಡತೈತಿ, ಪಪ್ಪಾಯಿ ಗಿಡಕ್ಕೂ ಜಾಗಾ ಉಳೀತೈತಿ. ಆ ರೆಡಿಮೇಡ್ ಪಂಜರಾ ನಾನು ಬ್ಯಾಡ ಅಂತೇನಿ, ಯಾಕಂದ್ರ ನಾನು ನೋಡಿದ್ದೆಲ್ಲಾ ಸಣ್ಣವು, ಒಳಗ ಕೈ ಹಾಕಿ ಬಗ್ಗಿ ಬಗ್ಗಿ ಬಳೀಬೇಕು, ಬಳಿಯೂದು ತ್ರಾಸಾದ್ರ ದಿನಾ ಬಳಿಯೂದಿಲ್ಲ, ಆಮ್ಯಾಲೆ ಮತ್ತ ಅದ ಹಸಿ. ನೀವು ಒಳಗ ನಿಂತು ಕಸಾ ಹೊಡಿಯೂವಷ್ಟು, 6 ಫೂಟ್ ಎತ್ತರ ಇರ್ಲಿ.

ಉದ್ದನೆ ಭಾಗ ಪೂರ್ವ-ಪಶ್ಚಿಮ ಇಡ್ರಿ, ಅಂದ್ರ ಬಿಸಲು ಒಳಗ ಆಳಕ್ಕ ಇಳಿಯೂದಿಲ್ಲ. ಪಡುವಣ ಗ್ವಾಡಿ ಪೂರಾ ಮುಚ್ಚರಿ, ಮುಂಗಾರಿನ ಗಾಳಿ ಮಳಿ ಅಲ್ಲಿಂದ ಬರೂದು, ಸಂಜೀ ಬಿಸಲೂ ಅಲ್ಲಿಂದ. ಉತ್ತರ ದಕ್ಷಿಣಕ್ಕ ಒಂದೂವರಿ ಫೂಟ್ ಗ್ವಾಡಿ, ಮ್ಯಾಲ ಜಾಳಗಿ. ತಗಡು 2 ಫೂಟ್ ಹೊರಗ ಚಾಚಿರ್ಲಿ. ಥಂಡಿ ದಿನಕ್ಕ ಗೋಣಿ ಚೀಲ ಇಳಿ ಬಿಟ್ರೂ ಮ್ಯಾಲ ಒಂದು ಗೇಣು ತೆರದ ಇರಬೇಕು.

ಜಾಳಗಿ ತಗೊಳ್ಳಾಗ ಅಂಗಡ್ಯಾವ್ರು ಆರು ಮೂಲಿ ಕಣ್ಣಿನ ತೆಳ್ಳಂದ ಕೋಳಿ ಜಾಳಗಿ ಕೊಡ್ತಾರ. ಅದು ಕೋಳಿ ಹೊರಗ ಹೋಗದಂಗ ತಡೀತೈತಿ, ನಾಯಿ ಒಳಗ ಬರದಂಗ ತಡಿಯೂದಿಲ್ಲ. ಕೆಳಗಿನ 3 ಫೂಟಿಗಾದ್ರೂ ಅರ್ಧಾ ಇಂಚಿನ ಕಣ್ಣಿನ ವೆಲ್ಡ್ ಮೆಶ್ (ಬೆಸುಗಿ ಹಾಕಿದ ಗಟ್ಟಿ ತಂತಿ ಜಾಳಗಿ) ಹಾಕಸ್ರಿ. ನಿಮ್ಮ ಎರಡು ಬಟ್ಟು ಜಾಳಗಿಯೊಳಗ ಹೋದ್ರ ಬೆಕ್ಕಿನ ಪಂಜಾನೂ ಹೋಗತೈತಿ ಅಂತ ತಿಳೀರಿ, ಬೆಕ್ಕು ಹೊರಗ ನಿಂತಕೊಂಡ ಒಳಗಿನ ನಿದ್ದಿಗಣ್ಣಿನ ಕೋಳಿ ಕಾಲು ಜಗ್ಗತೈತಿ. ಮುಂಗಲಿ, ನಾಯಿ ಬುಡಾ ಕೆದರ್ತಾವ, ಅದಕ್ಕ ಜಾಳಗಿ ಗ್ವಾಡಿ ಬುಡದಿಂದ ಹೊರಗ 2 ಫೂಟ್ ನೆಲದ ಮ್ಯಾಲ ಮಲಗಿಸಿ ಕಲ್ಲು ಹೇರ್ರಿ, ಬಿರಕು ಬಿಡೂ ಎರಿಯೊಳಗ ಹೂಳೂದಕ್ಕಿಂತ ಇದ ಗಟ್ಟಿ. ಅಂಗಳದ ಮ್ಯಾಲೂ ಜಾಳಗಿ ಬೇಕು, ಜವಾರಿ ಕೋಳಿ ಹಾರತಾವ, ಮ್ಯಾಲ ಹದ್ದು ಬ್ಯಾರೆ. ಬಾಗಲಕ್ಕ ಚಿಲಕಾ ಹಾಕಿ, ಅದರ ತೂತಿಗೆ ಮೊಳಿ ಸಿಗಸ್ರಿ.

ಕೂಡೂ ಗಳ 2 ಇಂಚು ಅಗಲ, ಮೂಲಿ ಉಜ್ಜಿ ದುಂಡಗ ಮಾಡಿದ ಕಟಗಿ ಇರ್ಲಿ, ಕಬ್ಬಿಣದ ಪೈಪ್ ಜಾರತೈತಿ. ಒಂದಕ್ಕ 9 ಇಂಚು ಅಂದ್ರ ಎಂಟಕ್ಕ 6 ಫೂಟ್ ಗಳ ಸಾಕು. ತತ್ತಿ ಗೂಡು 12 ಇಂಚಿನ ಚೌಕಾ ಡಬ್ಬಿ ಎರಡು, ಕತ್ತಲ ಮೂಲ್ಯಾಗ, ಗಳಕ್ಕಿಂತ ಕೆಳಗ, ಇಲ್ಲಂದ್ರ ರಾತ್ರಿ ಅದ್ರಾಗ ಮಲಗಿ ಹೊಲಸು ಮಾಡ್ತಾವ.

ನೆಲಕ್ಕ 3 ಇಂಚು ಭತ್ತದ ಹೊಟ್ಟು ಅಥವಾ ಶೇಂಗಾ ಹೊಟ್ಟು ಹಾಕ್ರಿ, ಶೇಂಗಾ ಹೊಟ್ಟು ತೊಯ್ದ್ರ ಬೂಜು ಹಿಡೀತೈತಿ, ಆ ಬೂಜು ಕೋಳಿ ಪುಪ್ಪಸಕ್ಕ ಕೆಟ್ಟದ್ದು, ಹುಷಾರು. ವಾರಕ್ಕೊಮ್ಮೆ ಒಂದು ಹಿಡಿ ಹೊಟ್ಟು ಮುಷ್ಟಿಯೊಳಗ ಹಿಚುಕಿ ಬಿಡ್ರಿ. ಉದುರಿದ್ರ ಛಲೋ, ಉಂಡಿ ಕಟ್ತಂದ್ರ ಆವತ್ತ ತಗದು ಹೊಸಾದು ಹಾಕ್ರಿ. ಅಂಗಳದ ಒಂದು ಮೂಲ್ಯಾಗ ಬೂದಿ, ಉಸುಕು ಸುರವಿ ಇಡ್ರಿ, ಹೊಳ್ಳಾಡಿ ಹೇನು ಕಳಕೋತಾವ.

ಮರಿ ತರೂಕಿಂತ ಮೊದ್ಲ ದನದ ದವಾಖಾನ್ಯಾಗ ಕೋಳಿಗೆ ಬರೂ ಕೊಕ್ಕರೆ ರೋಗದ (ರಾಣಿಖೇತ್) ಲಸಿಕಿ ಕೇಳ್ರಿ, ಮೊದಲ್ನೇದು ಮರಿ 5–7 ದಿನದ್ದಿದ್ದಾಗ. ನಿಮಗ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರ ಸಮೀಪ ಐತಿ, ಒಮ್ಮೆ ಹೋಗಿ ಬರ್ರಿ.

ಪ್ರಶ್ನೆ: ನಮ್ದು ಮೂರು ಕಡೆ ಮುಚ್ಚಿದ ತಗಡಿನ ಶೆಡ್. ಹೋದ ಏಪ್ರಿಲ್‌ನಾಗ ಮಧ್ಯಾಹ್ನ ಎರಡು ಕೋಳಿ ಬಾಯಿ ತಕ್ಕೊಂಡು ಸತ್ತವು. ರೋಗ ಏನ್ರಿ?
– ಓದುಗರು, ಹಾವೇರಿ

ಉತ್ತರ: ನೀವು ಬರದ ರೀತಿ ನೋಡಿದ್ರ ಝಳಾನ ಕಾರಣ ಅನಸ್ತೈತಿ ಅಣ್ಣಾರ. ಕೋಳಿಗೆ ಬೆವರು ಬರೂದಿಲ್ಲ, ಬಾಯಿ ತಗದು ತೇಕಿ, ರೆಕ್ಕಿ ಅಗಲಿಸಿ ಕಾವು ಹೊರಗ ಹಾಕೂದು, ಗಾಳಿ ಇಲ್ಲದ ತಗಡಿನ ಕೆಳಗ ಅದು ಆಗೂದಿಲ್ಲ. ಎದುರಾ ಬದರ ಎರಡು ಗ್ವಾಡಿ ಮ್ಯಾಲಿಂದ ಒಡಸಿ ಜಾಳಗಿ ಹಾಕಸ್ರಿ. ತಗಡಿಗೆ ಸುಣ್ಣಾ ಬಳದು, ಮ್ಯಾಲ ತೆಂಗಿನ ಗರಿ ಇಲ್ಲಾ ಜೋಳದ ಕಣಕಿ ಹೊದಸ್ರಿ. ನೀರು ಮಣ್ಣಿನ ಪಾತ್ರ್ಯಾಗ ನೆರಳಿಗೆ ಇಡ್ರಿ, ಕಾಳು ಮುಂಜಾನೆ ಲಗೂನ ಮತ್ತ ಸಂಜೀಕ ಹಾಕ್ರಿ, ನಡು ಮಧ್ಯಾಹ್ನ ಬ್ಯಾಡ. ಮುಚ್ಚಿದ ಶೆಡ್ಡಿನ ಒಳಗ ನೀರು ಹೊಡಿಯೂದು ಮಾತ್ರ ಮಾಡಬ್ಯಾಡ್ರಿ, ಉಸಿರು ಇನ್ನೂ ಕಟ್ಟತೈತಿ. ತೇಕೂ ಕೋಳಿ ಕಂಡ್ರ ನೆರಳಿಗೆ ತಂದು ಕಾಲು ತಂಪ ನೀರಾಗ ಇಳಸ್ರಿ.

ಪ್ರಶ್ನೆ: ಹುಂಜ ಇಲ್ಲದ ಹ್ಯಾಟಿ ತತ್ತಿ ಇಡತಾವೇನ್ರಿ? ಬಾಜೂ ಮನಿಯವ್ರು ಕೂಗಿಗೆ ತಕರಾರು ಮಾಡ್ತಾರ.
– ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಇಡತಾವ, ತಿನ್ನಾಕ ಏನೂ ಫರಕಿಲ್ಲ. ಕಾವಿಗೆ ಇಟ್ರ ಮರಿ ಮಾತ್ರ ಬರೂದಿಲ್ಲ. ಮರಿ ಬೇಕಂದ್ರ ಹುಂಜ ಇದ್ದ ಮನಿಯಿಂದ ಹತ್ತು ತತ್ತಿ ತಂದು ಕಾವು ಕುಂತ ಜವಾರಿ ಹ್ಯಾಟಿ ಕೆಳಗ ಇಡ್ರಿ, 21 ದಿನಕ್ಕ ಮರಿ ಏಳತಾವ.