ತೋಡಿನ ಕಲ್ಲಡಿಯ ಹುಳುಗಳು: ಎಲ್ಲಿ ಏನು ಹುಡುಕಬೇಕು

ಅಣ್ಣ, ಮೋರಿಯ ಕೆಳಗೆ ಕಲ್ಲುಗಳಡಿ ತರಹೇವಾರಿ ಹುಳು ಇವೆ, ಪಂಪ್ ಇಟ್ಟಿರುವ ಗುಂಡಿಯಲ್ಲಿ ಮಾತ್ರ ಬರೀ ಕೆಂಪು ಹುಳು, ತೋಡಿನ ನೀರು ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಇಷ್ಟರಿಂದ ಹಾಗೆ ಹೇಳಲು ಬರುವುದಿಲ್ಲ. ಗುಂಡಿಯ ಜೊತೆ ಗುಂಡಿಯನ್ನೇ ಹೋಲಿಸಬೇಕು, ಕಲ್ಲುಹರಿವಿನ ಜೊತೆ ಕಲ್ಲುಹರಿವನ್ನೇ.

ಕಲ್ಲುಹರಿವು ಅಂದರೆ ನೀರು ಕಲ್ಲಿಗೆ ಬಡಿದು ನೊರೆಯೆದ್ದು ಓಡುವ ಜಾಗ. ಅಲ್ಲಿ ಆಮ್ಲಜನಕ ಜಾಸ್ತಿ. ಮೇಫ್ಲೈ, ಸ್ಟೋನ್‌ಫ್ಲೈ ಅನ್ನುವ ರೆಕ್ಕೆಹುಳುಗಳ ಮರಿಗಳು ಹೆಚ್ಚಾಗಿ ಅಲ್ಲೇ ಇರುತ್ತವೆ. ಒಂದು ಕಲ್ಲನ್ನು ಮೆಲ್ಲಗೆ ಎತ್ತಿ ತಿರುಗಿಸಿ. ಚಪ್ಪಟೆ ಮೈ, ಕಲ್ಲಿಗೆ ಅಂಟಿಕೊಂಡೇ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ, ಹೊಟ್ಟೆಯ ಎರಡೂ ಬದಿ ಕಿವಿರು ಇದೆ ಅಂದರೆ ಮೇಫ್ಲೈ. ಬಾಲದ ಎಳೆ ಸಾಮಾನ್ಯವಾಗಿ ಮೂರು, ಕೆಲವಕ್ಕೆ ಎರಡು. ಸ್ಟೋನ್‌ಫ್ಲೈಗೆ ಎರಡೇ. ಅನುಮಾನ ಬಂದರೆ ಲೆನ್ಸ್ ಹಿಡಿದು ಕಾಲಿನ ತುದಿ ನೋಡಿ: ಮೇಫ್ಲೈಗೆ ಒಂದು ಉಗುರು, ಸ್ಟೋನ್‌ಫ್ಲೈಗೆ ಎರಡು. ಅದೇ ಕಲ್ಲಿನಲ್ಲಿ ಮರಳುಕಾಳು ಅಂಟಿಸಿದ ಸಣ್ಣ ಕೊಳವೆ ಕಂಡರೆ ಸುಮ್ನೆ ಕಸ ಅಂದುಕೊಳ್ಳಬೇಡಿ. ಅದು ಕ್ಯಾಡಿಸ್ ಹುಳು ತನ್ನದೇ ರೇಷ್ಮೆಯಲ್ಲಿ ಕಟ್ಟಿಕೊಂಡ ಗೂಡು. ಕ್ಯಾಡಿಸ್‌ನಲ್ಲೇ ಇನ್ನು ಕೆಲವು ಕಲ್ಲಿನ ಸಂದಿಗೆ ಬಲೆ ಕಟ್ಟಿ, ನೀರು ತಂದುಕೊಟ್ಟದ್ದನ್ನು ತಿಂದು ಬದುಕುತ್ತವೆ.

ಗುಂಡಿಯ ತಳದಲ್ಲಿ ಕೆಸರು, ಕೊಳೆತ ಎಲೆ. ಏರೋಪ್ಲೇನ್ ಚಿಟ್ಟೆಯ ಮರಿ ಅದರಲ್ಲಿ ಅಡಗಿ ಬೇಟೆಗೆ ಕಾಯುತ್ತದೆ. ನಿಮ್ಮ ಕೆಂಪು ಹುಳು ಕಚ್ಚದ ಒಂದು ಸಣ್ಣ ನೊಣದ ಮರಿ. ಅದರ ರಕ್ತದಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆ ಇರುವ ಕೆಸರಲ್ಲೂ ಬದುಕುತ್ತದೆ. ಗುಂಡಿಯಲ್ಲಿ ಅದು ಇರುವುದು ಸಹಜ. ಕಲ್ಲುಹರಿವಿನಲ್ಲೂ ಮೇಫ್ಲೈ ಮಾಯವಾಗಿ ಬರೀ ಅದೇ ಉಳಿದರೆ ಆಗ ಚಿಂತೆ ಮಾಡಬೇಕು.

ಕಾಫಿ ಪಲ್ಪಿಂಗ್, ಅಂದರೆ ಪಲ್ಪರ್ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಸಮಯದಲ್ಲಿ ಇದನ್ನು ಖಂಡಿತ ನೋಡಿ. ಹಣ್ಣಿನ ಲೋಳೆಯ ಸಕ್ಕರೆ ತೋಡಿಗೆ ಸೇರಿದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಪಲ್ಪರ್ ನೀರು ಸೇರುವ ಜಾಗಕ್ಕಿಂತ ಮೇಲೆ ಒಂದು, ಕೆಳಗೆ ಒಂದು ಕಲ್ಲುಹರಿವು ಆರಿಸಿ. ಆಳ, ಕಲ್ಲಿನ ಗಾತ್ರ ಹೆಚ್ಚುಕಡಿಮೆ ಒಂದೇ ಇರಲಿ. ಹರಿವಿಗೆ ಅಡ್ಡ ಸೊಳ್ಳೆಪರದೆಯ ತುಂಡು ಹಿಡಿದು, ಅದರ ಮೇಲ್ಗಡೆಯ ಕಲ್ಲುಗಳನ್ನು ಕೈಯಿಂದ ಉಜ್ಜಿ. ಸಿಕ್ಕಿದ್ದನ್ನು ಬಿಳಿ ತಟ್ಟೆಗೆ ಹಾಕಿ. ಪಲ್ಪಿಂಗ್ ಶುರುವಾಗುವ ಮೊದಲೂ ಒಮ್ಮೆ ಮಾಡಿಟ್ಟುಕೊಳ್ಳಿ. ಜೂನ್, ಜುಲೈಯಲ್ಲಿ ತೋಡಿಗೆ ಇಳಿಯಲೇಬೇಡಿ.

ಇನ್ನೊಂದು, ನನಗೆ ತುಂಬಾ ಬೇಜಾರಾಗುವ ವಿಷಯ. ಜೆಸಿಬಿಯಲ್ಲಿ ರಸ್ತೆ ತೆಗೆದ ಮಣ್ಣು ಮಳೆಗೆ ತೊಳೆದು ಬಂದು ಕಲ್ಲುಗಳ ಸಂದಿಯಲ್ಲಿ ಕೂರುತ್ತದೆ. ಆಮೇಲೆ ನೀರು ತಿಳಿಯಾದರೂ ಹುಳುಗಳಿಗೆ ಜಾಗವೇ ಇರುವುದಿಲ್ಲ. ದಡದ ಮರ, ಬಿದಿರು ಕಡಿಯಬೇಡಿ. ನೀರಿಗೆ ಬಿದ್ದ ಎಲೆಯನ್ನೂ ಬಾಚಿ ತೆಗೆಯಬೇಡಿ, ಎಷ್ಟೋ ಹುಳುಗಳಿಗೆ ಅದೇ ಊಟ.

ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಿ, ಅಡಿಯಲ್ಲಿ ಮೊಟ್ಟೆ ಇರಬಹುದು. ಎರಡೂ ತಟ್ಟೆಗಳ ಫೋಟೋ ಇಲ್ಲಿ ಹಾಕಿ, ಯಾವುದು ಏನು ಅಂತ ಒಟ್ಟಿಗೆ ನೋಡೋಣ.